ಬರೆದ ಸಾಲಿಗೂ ಕಂಡ ಫಲಕ್ಕೂ ನಡುವಿನ ದೂರ

(ಪ್ರೋಗ್ರಾಮಿಂಗ್ ಕಲಿಯುತ್ತಿರುವವರು, ಅದನ್ನೇ ವೃತ್ತಿ ಮಾಡಿಕೊಂಡವರು ಇಬ್ಬರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರಾತ್ರಿ ಲ್ಯಾಪ್‌ಟಾಪ್ ತೆರೆಯುತ್ತೀರಿ. ಯಾವತ್ತೋ ಅರ್ಧಕ್ಕೆ ಬಿಟ್ಟ ಫೈಲು ಎಡಿಟರಿನಲ್ಲಿ ಹಾಗೇ ಇರುತ್ತದೆ. ಎರಡು ನಿಮಿಷ ಅದನ್ನು ನೋಡುತ್ತೀರಿ. ಒಂದು ಸಾಲು ಹಾಕುತ್ತೀರಿ, ಅಳಿಸುತ್ತೀರಿ, ಮುಚ್ಚಿಟ್ಟು ಎದ್ದು ಹೋಗುತ್ತೀರಿ. ಹೀಗೆ ಮಾಡಿದವರು ಕೈ ಎತ್ತಿ ಅಂದೆ. ಮುಕ್ಕಾಲು ಸಭೆ ಕೈ ಎತ್ತಿದೆ. ನಾನೂ ಎತ್ತಿದ್ದೇನೆ. ಸುಮಾರು ಎಂಟು ತಿಂಗಳು ನಾನು ದಿನಾ ಹೀಗೆಯೇ ಮಾಡಿದ್ದೆ.

ಆ ಎಂಟು ತಿಂಗಳಲ್ಲಿ ನನ್ನ ಬಗ್ಗೆ ನಾನೇ ಏನೇನೋ ತೀರ್ಮಾನ ಮಾಡಿಕೊಂಡೆ. ಸೋಮಾರಿಯಾಗಿಬಿಟ್ಟೆ, ವಯಸ್ಸಾಯಿತು, ಇದು ನನ್ನ ಕ್ಷೇತ್ರವೇ ಅಲ್ಲವೇನೋ. ಅದಕ್ಕೆ ಮದ್ದು ಅಂತ ಟ್ಯುಟೋರಿಯಲ್ ವಿಡಿಯೊಗಳನ್ನು ನೋಡಿದೆ, ಹೊಸ ಫ್ರೇಮ್‌ವರ್ಕ್ ಕಲಿಯಲು ಹೊರಟೆ. ಯಾವುದೂ ಹತ್ತು ದಿನ ನಿಲ್ಲಲಿಲ್ಲ. ಇಂಥ ಹೊತ್ತಿನಲ್ಲಿ ನೋಡುವ ಟ್ಯುಟೋರಿಯಲ್‌ಗಳು ಒಳ್ಳೆಯದಕ್ಕಿಂತ ಕೆಟ್ಟದ್ದನ್ನೇ ಹೆಚ್ಚು ಮಾಡುತ್ತವೆ ಎಂದು ಈಗ ನನಗೆ ಅನಿಸುತ್ತದೆ. ಅಲ್ಲಿ ಬೇರೆಯವರ ಕೈ ಸರಾಗವಾಗಿ ಓಡುತ್ತಿರುತ್ತದೆ, ನಮ್ಮದು ಮಡಿಲಲ್ಲಿರುತ್ತದೆ.

ಒಂದು ದಿನ, ಬೇಸರಕ್ಕೇ ಅನ್ನಿ, ಕೆಲಸದ ಜಾಗದಲ್ಲಿ ಒಂದು ಲೆಕ್ಕ ಬರೆದಿಟ್ಟೆ. ನಾನು ಒಂದು ಸಾಲು ಬದಲಿಸಿದ ಮೇಲೆ ಅದು ಏನು ಮಾಡುತ್ತದೆ ಎಂದು ನನ್ನ ಕಣ್ಣಿಗೆ ಕಾಣಲು ಎಷ್ಟು ಹೊತ್ತು ಬೇಕು? ಬಿಲ್ಡ್ ಆಗಲು, ಅಂದರೆ ಬರೆದದ್ದು ಓಡಿಸಬಹುದಾದ ರೂಪಕ್ಕೆ ಬರಲು, 40 ನಿಮಿಷ. ಆಮೇಲೆ ಜೊತೆಯವರು ಅದನ್ನು ಓದಿ ಒಪ್ಪುವ ಕೋಡ್ ರಿವ್ಯೂಗೆ ಎರಡು ದಿನ. ರಿಲೀಸ್ ಆಗಿ ಯಾರಾದರೂ ಅದನ್ನು ಬಳಸುವ ಹೊತ್ತಿಗೆ ಮೂರನೇ ವಾರ. ಅದಕ್ಕೂ ಹಿಂದಿನ ವರ್ಷ ಹದಿನಾಲ್ಕು ತಿಂಗಳು ಮಾಡಿದ ಒಂದು ಕೆಲಸ ಬಳಕೆಗೇ ಬರದೆ ನಿಂತುಹೋಗಿತ್ತು. ಅಂದರೆ ಆ ಹದಿನಾಲ್ಕು ತಿಂಗಳಲ್ಲಿ ಬರೆದ ಸಾಲುಗಳ ಫಲವನ್ನು ನಾನು ಕಂಡೇ ಇಲ್ಲ.

ಇಷ್ಟು ಬರೆದಿಟ್ಟ ಮೇಲೆ ನನ್ನನ್ನು ನಾನು ಬೈದುಕೊಳ್ಳುವುದು ನಿಂತಿತು. ಸಾಲು ಬರೆದು, ಓಡಿಸಿ, ಫಲ ನೋಡುವ ಸುಖಕ್ಕೆ ಮನಸೋತು ಈ ಕೆಲಸಕ್ಕೆ ಬಂದವರು ನಾವು. ಆ ಎರಡರ ನಡುವಿನ ದೂರ ಮೂರು ವಾರಕ್ಕೆ ಹಿಗ್ಗಿದರೆ ಹುರುಪು ಎಲ್ಲಿಂದ ಬರಬೇಕು? ಇವತ್ತು ನಾನು ಹೇಳಲು ಬಂದಿರುವುದು ಇದೊಂದನ್ನೇ. ಹುಮ್ಮಸ್ಸು ಬರಲಿ, ಆಮೇಲೆ ಬರೆಯೋಣ ಎಂದು ಕಾಯಬೇಡಿ. ಈ ದೂರ ಕಡಿಮೆಯಿರುವ ಏನನ್ನಾದರೂ ಬರೆಯಿರಿ, ಹುಮ್ಮಸ್ಸು ಅದರ ಹಿಂದೆಯೇ ಬರುತ್ತದೆ.

ಈ ದೂರವನ್ನು ತಗ್ಗಿಸಬೇಕು ಎಂಬ ಯೋಚನೆ ನನ್ನದೇನಲ್ಲ, ತುಂಬಾ ಹಳೆಯದು. 1964ರ ಮೇ 1ರಂದು ಡಾರ್ಟ್ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಬೇಸಿಕ್ ಭಾಷೆಯನ್ನು ಮೊದಲ ಬಾರಿ ಓಡಿಸಿದರು. ಅದಕ್ಕೂ ಮುಂಚೆ ಕಲಿಯುವವರು ಪ್ರೋಗ್ರಾಮನ್ನು ಕಾರ್ಡುಗಳಲ್ಲಿ ತೂತು ಹೊಡೆದು ಕೊಟ್ಟು, ಉತ್ತರಕ್ಕಾಗಿ ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೆ ಕಾಯಬೇಕಿತ್ತು. ಒಂದು ಅಲ್ಪವಿರಾಮ ತಪ್ಪಿದ್ದರೆ ಇನ್ನೊಂದು ದಿನ ಹೋಯಿತು. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆ ಕಟ್ಟಿ, ಟೆಲಿಟೈಪ್ ಎಂಬ ಟೈಪ್‌ರೈಟರಿನಂಥ ಯಂತ್ರದ ಮುಂದೆ ಕೂತ ವಿದ್ಯಾರ್ಥಿಗೆ ಕೂತಲ್ಲೇ ಉತ್ತರ ಸಿಗುವಂತೆ ಅವರಿಬ್ಬರು ಮಾಡಿದರು. ಬೇಸಿಕ್ ಎಂಬ ಹೆಸರಿನ ಮೊದಲ ಅಕ್ಷರ ನಿಂತಿರುವುದೇ ‘ಬಿಗಿನರ್ಸ್’ ಎಂಬ ಪದಕ್ಕೆ.

ನಾನು ಮೊದಲು ಬರೆದದ್ದು ಸಂಖ್ಯೆ ಊಹಿಸುವ ಆಟ. ಪ್ರೋಗ್ರಾಮಿಂಗ್ ಕಲಿಯುವವರು ಎರಡನೇ ವಾರದಲ್ಲಿ ಬರೆಯುವಂಥದ್ದು. ಕಂಪ್ಯೂಟರ್ 1ರಿಂದ 100ರೊಳಗೆ ಒಂದು ಸಂಖ್ಯೆ ಇಟ್ಟುಕೊಳ್ಳುತ್ತದೆ, ನಾವು ಊಹಿಸುತ್ತೇವೆ, ಅದು ‘ಹೆಚ್ಚಾಯಿತು’, ‘ಕಡಿಮೆಯಾಯಿತು’ ಅನ್ನುತ್ತದೆ. ಪೈಥಾನ್ ಭಾಷೆಯಲ್ಲಿ ಹದಿನೈದು ಸಾಲು, ಹತ್ತು ನಿಮಿಷ. ಓಡಿಸಿದೆ, ಆಡಿದೆ, ಗೆದ್ದೆ. ಎಂಟು ತಿಂಗಳಲ್ಲಿ ನಾನು ಮುಗಿಸಿದ ಮೊದಲ ಪ್ರೋಗ್ರಾಂ ಅದು.

ಮುಗಿದ ಮೇಲೆ ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಆಟವನ್ನು ತಿರುಗಿಸಿದರೆ ಹೇಗೆ ಅನಿಸಿತು. ಸಂಖ್ಯೆ ನನ್ನ ಮನಸ್ಸಿನಲ್ಲಿರಲಿ, ಊಹಿಸುವ ಕೆಲಸ ಯಂತ್ರ ಮಾಡಲಿ. ಅದು ಮಧ್ಯದ ಸಂಖ್ಯೆಯನ್ನು ಕೇಳಬೇಕು, ನನ್ನ ಉತ್ತರ ನೋಡಿ ಅರ್ಧ ಭಾಗವನ್ನು ಬಿಡಬೇಕು, ಉಳಿದ ಅರ್ಧದ ಮಧ್ಯವನ್ನು ಕೇಳಬೇಕು. 100 ಸಂಖ್ಯೆಗಳಾದರೆ 7 ಊಹೆ ಸಾಕು, ಏಕೆಂದರೆ 2ನ್ನು ಏಳು ಸಲ ಗುಣಿಸಿದರೆ 128 ಆಗುತ್ತದೆ. 1000ಕ್ಕೆ 10 ಸಾಕು. ಹತ್ತು ಲಕ್ಷಕ್ಕೂ 20 ಊಹೆಯೇ ಸಾಕು. ಇದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದಿದ್ದೆ, ಕೆಲಸದ ಸಂದರ್ಶನಗಳಲ್ಲಿ ಹೇಳಿದ್ದೆ. ಆದರೆ ಹತ್ತು ಲಕ್ಷದೊಳಗೆ ನಾನು ಗುಟ್ಟಾಗಿ ಹಿಡಿದಿಟ್ಟ ಸಂಖ್ಯೆಯನ್ನು ಯಂತ್ರ ಇಪ್ಪತ್ತೇ ಪ್ರಶ್ನೆಯಲ್ಲಿ ಹಿಡಿದಾಗ ಆದ ಬೆರಗು ಬೇರೆಯೇ.

ಅದಕ್ಕೆ ಮುಂಚೆ ಒಂದು ತಪ್ಪಾಗಿತ್ತು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರೋಗ್ರಾಂ ಎರಡು ಗಡಿಗಳನ್ನು ನೆನಪಿಟ್ಟುಕೊಳ್ಳುತ್ತದೆ, ಕೆಳಗಿನದು 1, ಮೇಲಿನದು 100. ನಾನು ಮನಸ್ಸಿನಲ್ಲಿ 100ನ್ನೇ ಇಟ್ಟುಕೊಂಡೆ. ಅದು ಕೇಳುತ್ತಾ ಹೋಯಿತು: 50? ಕಡಿಮೆ. 75? ಕಡಿಮೆ. 87, 93, 96, 98, 99. ಕಡಿಮೆ ಅಂದೆ. ಮತ್ತೆ 99 ಕೇಳಿತು. ಮತ್ತೆ ಕಡಿಮೆ ಅಂದೆ. ಮತ್ತೆ 99.

ಕಾಗದ ತೆಗೆದುಕೊಂಡು ಬರೆದು ನೋಡಿದೆ. ಕೆಳಗಿನ ಗಡಿ 99, ಮೇಲಿನದು 100. ಎರಡನ್ನೂ ಕೂಡಿ ಅರ್ಧ ಮಾಡಿದರೆ 99.5, ಪೂರ್ಣಾಂಕ ಭಾಗಾಕಾರದಲ್ಲಿ ಅದು 99. ‘ಕಡಿಮೆ’ ಅಂದಾಗ ಕೆಳಗಿನ ಗಡಿಯನ್ನು ನಾನು ಮಧ್ಯದ ಸಂಖ್ಯೆಗೇ ತಂದು ನಿಲ್ಲಿಸುತ್ತಿದ್ದೆ. ಅದು 99ರಲ್ಲೇ ಇದೆ, ಮತ್ತೆ 99ಕ್ಕೇ ಬರುತ್ತದೆ. 99 ಅಲ್ಲ ಎಂದು ಗೊತ್ತಾದ ಮೇಲೆ ಗಡಿ ಅದನ್ನು ದಾಟಿ ಒಂದು ಹೆಜ್ಜೆ ಮುಂದೆ ಹೋಗಬೇಕಿತ್ತು. ‘ಒಂದು ಕೂಡಿಸು’ ಎಂದು ಸೇರಿಸಿದೆ, ಸರಿಹೋಯಿತು. ಆ ಒಂದನ್ನು ಕೂಡಿಸಿ ಎಂಟರ್ ಒತ್ತಿದ ಕ್ಷಣದಲ್ಲಿ ನಾನು ಕಳೆದುಕೊಂಡದ್ದು ನನಗೆ ಮರಳಿ ಸಿಕ್ಕಿತು. ತಪ್ಪು ಎಲ್ಲಿದೆ ಎಂದು ನಾನೇ ಊಹಿಸಿದೆ, ಊಹೆ ಸರಿಯೋ ಎಂದು ಒಂದೇ ಸೆಕೆಂಡಿನಲ್ಲಿ ತಿಳಿಯಿತು. ಕೆಲಸದಲ್ಲಿ ಇದೇ ಸಂಗತಿ ಮೂರು ವಾರಗಳಲ್ಲಿ ಚದುರಿಹೋಗಿತ್ತು.

ಸುಲಭದ್ದನ್ನು ಬರೆಯಲು ನಾಚಿಕೆ ಅನ್ನುವವರು ನಿಮ್ಮಲ್ಲಿ ಇದ್ದಾರೆ, ಗೊತ್ತು. ಅವರಿಗಾಗಿ ಒಂದು ಮಾತು. ಈ ಮಧ್ಯವನ್ನು ಹುಡುಕುವ ಸಾಲಿನಲ್ಲೇ ಜಾವಾ ಭಾಷೆಯ ಅಧಿಕೃತ ಲೈಬ್ರರಿಯಲ್ಲಿ, ಅಂದರೆ ಎಲ್ಲರೂ ಬಳಸಲೆಂದು ಭಾಷೆಯ ಜತೆಗೇ ಕೊಡುವ ಸಿದ್ಧ ಕೋಡಿನಲ್ಲಿ, ವರ್ಷಗಟ್ಟಲೆ ಒಂದು ದೋಷ ಅಡಗಿ ಕೂತಿತ್ತು. ಆ ಕೋಡನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಅದನ್ನು ಬಹಿರಂಗವಾಗಿ ವಿವರಿಸಿದರು. ಪಟ್ಟಿ ಬಹಳ ದೊಡ್ಡದಾದಾಗ ಎರಡು ಗಡಿಗಳ ಮೊತ್ತ ಅಲ್ಲಿನ ಪೂರ್ಣಾಂಕದ ಮೇಲ್ಮಿತಿಯಾದ 2147483647ನ್ನು ಮೀರುತ್ತದೆ, ಆಗ ಅದು ಋಣ ಸಂಖ್ಯೆಯಾಗಿಬಿಡುತ್ತದೆ. ಅಷ್ಟು ಪಳಗಿದ ಕೈಗೂ ಕಾಣದ ಗುಂಡಿ ‘ಸುಲಭ’ದ ಸಾಲಿನಲ್ಲಿತ್ತು. ಸುಲಭದ ಪ್ರೋಗ್ರಾಂ ಅಂದರೆ ಮೊದಲ ಹೆಜ್ಜೆ ಸುಲಭ ಎಂದಷ್ಟೇ ಅರ್ಥ.

ಇನ್ನು ನನಗೆ ಅತಿ ಪ್ರಿಯವಾದ ಪ್ರೋಗ್ರಾಮಿಗೆ ಬರುತ್ತೇನೆ.

ಒಂದು ಪದವನ್ನು ಹಿಂದುಮುಂದಾಗಿ ಓದಿದರೂ ಅದೇ ಬರುತ್ತದೆಯೇ ಎಂದು ನೋಡುವುದು ಇನ್ನೊಂದು ಕಲಿಕೆಯ ಅಭ್ಯಾಸ. ಪದವನ್ನು ತಿರುಗಿಸು, ಮೂಲದೊಂದಿಗೆ ಹೋಲಿಸು, ಅಷ್ಟೇ. ಇಂಗ್ಲಿಷ್ ಪದಗಳಲ್ಲಿ ಎಲ್ಲರೂ ಮಾಡಿರುತ್ತೀರಿ. ನಾನು ಕನ್ನಡದಲ್ಲಿ ಮಾಡಿದೆ. ‘ಕನಕ’ ಕೊಟ್ಟೆ, ಹೌದು ಅಂದಿತು. ‘ಜಲಜ’, ಹೌದು. ‘ನಮನ’, ಹೌದು. ಖುಷಿಯಲ್ಲಿ ‘ವಿಕಟಕವಿ’ ಕೊಟ್ಟೆ. ಅಲ್ಲ ಅಂದಿತು! ‘ಕಿಟಕಿ’ ಕೊಟ್ಟೆ. ಅದೂ ಅಲ್ಲ.

ವಿಕಟಕವಿಯನ್ನು ಅಲ್ಲ ಅನ್ನುವ ಯಂತ್ರವನ್ನು ಹಾಗೇ ಬಿಟ್ಟು ಮಲಗಲು ಸಾಧ್ಯವೇ? ತಿರುಗಿಸಿದ ಪದವನ್ನು ಸ್ಕ್ರೀನಿನ ಮೇಲೆ ಹಾಕಿಸಿದೆ. ಮೊದಲಿಗೆ ಚುಕ್ಕಿಗಳ ಒಂದು ವೃತ್ತ, ಅದರ ತಲೆಯ ಮೇಲೊಂದು ಗುಡಿಸು. ಆಮೇಲೆ ‘ವಕಟಕಿವ’. ಗುಡಿಸು ತನ್ನ ವ್ಯಂಜನವನ್ನು ಬಿಟ್ಟು ಅಲೆದಾಡುತ್ತಿತ್ತು. ಪದದ ಉದ್ದ ಎಷ್ಟು ಎಂದು ಕೇಳಿದೆ. ನಮ್ಮ ಕಣ್ಣಿಗೆ ಐದು ಅಕ್ಷರ, ಅದು 7 ಅಂದಿತು.

ಪ್ರತಿ ಲಿಪಿಚಿಹ್ನೆಗೂ ಒಂದು ಸಂಖ್ಯೆ ಗೊತ್ತುಮಾಡಿರುವ ವ್ಯವಸ್ಥೆಯೇ ಯೂನಿಕೋಡ್. ಒಂದೊಂದರ ಯೂನಿಕೋಡ್ ಸಂಖ್ಯೆಯನ್ನೂ ಬರೆಸಿದೆ: 3253, 3263, 3221, 3231, 3221, 3253, 3263. ಯೂನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳಿವೆ. 3253 ಅಂದರೆ ‘ವ’. 3263 ಬರೀ ಗುಡಿಸು. ನಾವು ಒಂದೇ ಉಸಿರಿಗೆ ‘ವಿ’ ಎಂದು ಓದುವುದನ್ನು ಯಂತ್ರ ಎರಡು ವಸ್ತುಗಳಾಗಿ ಇಟ್ಟುಕೊಂಡಿದೆ. ಕನಕ, ಜಲಜ, ನಮನಗಳಲ್ಲಿ ಸ್ವರಚಿಹ್ನೆಯೂ ಇಲ್ಲ, ಒತ್ತೂ ಇಲ್ಲ, ಅದಕ್ಕೇ ಅವು ಪಾರಾದವು. ‘ಸ್ತ್ರೀ’ ಎಂದು ಕೊಟ್ಟು ನೋಡಿ. ಒಂದೇ ಅಕ್ಷರ, ಆದರೆ ಉದ್ದ 6.

ಹಾಗಾದರೆ ಯಂತ್ರಕ್ಕೆ ‘ಅಕ್ಷರ’ ಎಂದರೇನು ಎಂದು ನಾನೇ ಹೇಳಿಕೊಡಬೇಕು. ಹುಟ್ಟಿದಾಗಿನಿಂದ ಓದುತ್ತಾ ಬಂದ ಲಿಪಿ, ಆದರೂ ನಿಯಮವಾಗಿ ಹೇಳಲು ಕೂತಾಗ ಅರ್ಧ ಗಂಟೆ ಹಿಡಿಯಿತು. ಕೊನೆಗೆ ಎರಡು ನಿಯಮಗಳು ನಿಂತವು. ಬಂದದ್ದು ಸ್ವರಚಿಹ್ನೆ, ಅನುಸ್ವಾರ, ವಿಸರ್ಗ ಅಥವಾ ಅರ್ಧಾಕ್ಷರದ ಚಿಹ್ನೆಯಾದರೆ ಹಿಂದಿನ ಗುಂಪಿಗೆ ಸೇರಿಸು. ಹಿಂದಿನ ಗುಂಪು ಅರ್ಧಾಕ್ಷರದ ಚಿಹ್ನೆಯಲ್ಲಿ, ಅಂದರೆ 3277ರಲ್ಲಿ ಮುಗಿದಿದ್ದರೆ ಈಗ ಬಂದ ವ್ಯಂಜನವನ್ನೂ ಅದಕ್ಕೇ ಸೇರಿಸು. ಉಳಿದದ್ದೆಲ್ಲ ಹೊಸ ಗುಂಪು. ಇಷ್ಟನ್ನೇ ಬರೆದೆ. ಮೊದಲ ಓಟದಲ್ಲಿ ಎರಡನೇ ನಿಯಮ ಕೈಕೊಟ್ಟಿತು, ‘ಕನ್ನಡ’ ನಾಲ್ಕು ತುಂಡಾಯಿತು. ಸರಿಪಡಿಸಿದೆ, ಮೂರಾಯಿತು: ಕ, ನ್ನ, ಡ. ಆಮೇಲೆ ತಡೆದು ತಡೆದು ವಿಕಟಕವಿ ಕೊಟ್ಟೆ. ಹೌದು ಅಂದಿತು.

ಅವತ್ತು ರಾತ್ರಿ ಒಂದೂವರೆ ಗಂಟೆಯಾಗಿತ್ತು. ಅಷ್ಟು ಹೊತ್ತಾಗಿದ್ದು ನನಗೆ ಗೊತ್ತೇ ಆಗಲಿಲ್ಲ. ‘ಗುಂಗು’ ಎಂದು ನಾವು ಅನ್ನುವುದು ಇದನ್ನೇ.

ಅಲ್ಲಿಂದ ಮುಂದೆ ದಾರಿ ತಾನಾಗಿಯೇ ತೆರೆದುಕೊಂಡಿತು. ಅಕ್ಷರಗಳು ಬಿಡಿಯಾಗಿ ಸಿಕ್ಕಿದ ಮೇಲೆ ಲಘು ಗುರು ಹಾಕಿಸಿದರೇನು? ಶಾಲೆಯಲ್ಲಿ ಪೆನ್ಸಿಲಿನಲ್ಲಿ ಪ್ರಸ್ತಾರ ಹಾಕಿದ ನೆನಪು ನಿಮಗೆಲ್ಲ ಇರುತ್ತದೆ. ದೀರ್ಘವಾದರೆ ಗುರು, ಅನುಸ್ವಾರ ವಿಸರ್ಗ ಕೂಡಿದ್ದರೆ ಗುರು, ಮುಂದೆ ಒತ್ತಕ್ಷರ ಬಂದರೆ ಹಿಂದಿನದು ಗುರು. ‘ಅಕ್ಷರ’ ಎಂಬ ಪದದಲ್ಲಿ ‘ಅ’ ಹ್ರಸ್ವವೇ, ಆದರೂ ಮುಂದೆ ‘ಕ್ಷ’ ಇರುವುದರಿಂದ ಅದು ಗುರು. ಗುರು, ಲಘು, ಲಘು, ಒಟ್ಟು ನಾಲ್ಕು ಮಾತ್ರೆ. ಈ ಒಂದು ನಿಯಮಕ್ಕಾಗಿ ಪ್ರೋಗ್ರಾಂ ಮುಂದಿನ ಅಕ್ಷರವನ್ನು ಇಣುಕಿ ನೋಡಿ ಹಿಂದಿನದನ್ನು ತೀರ್ಮಾನಿಸಬೇಕು, ಅದು ಬರೆಯಲು ತುಂಬಾ ಸೊಗಸು. ಈಗ ನಾನು ಕಂದಪದ್ಯದ ಸಾಲುಗಳನ್ನು ಕೊಟ್ಟರೆ ಮೊದಲ ಸಾಲಿಗೆ 12, ಎರಡನೆಯದಕ್ಕೆ 20 ಮಾತ್ರೆ ಎಣಿಸಿ ಕೊಡುತ್ತದೆ. ಯಾರಿಗೂ ಬೇಕಿಲ್ಲದ ಪ್ರೋಗ್ರಾಂ ಇರಬಹುದು. ನನಗೆ ಬೇಕು.

ಚಿತ್ರ ಇಷ್ಟಪಡುವವರಿಗೆ ಆಮೆ ಇದೆ. ಲೋಗೋ ಎಂಬ ಭಾಷೆ 1967ರಲ್ಲಿ ಹುಟ್ಟಿತು. ಸೇಮರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫಾಯರ್‌ಝೈಗ್ ಮಕ್ಕಳಿಗಾಗಿ ಮಾಡಿದ್ದು. ಹೇಳಿದಂತೆ ನಡೆದು ಸ್ಕ್ರೀನಿನ ಮೇಲೆ ಗೆರೆ ಎಳೆಯುವ ಅದರ ಆಮೆ ಈಗ ಪೈಥಾನಿನ ಜತೆಗೇ ಬರುತ್ತದೆ. 100 ಹೆಜ್ಜೆ ನಡೆ, 90 ಡಿಗ್ರಿ ತಿರುಗು, ನಾಲ್ಕು ಸಲ ಮಾಡಿದರೆ ಚೌಕ. 90ನ್ನು 144 ಮಾಡಿ ಐದು ಸಲ ಹೇಳಿದರೆ ನಕ್ಷತ್ರ. ಪ್ರತಿ ಸಲ ಹೆಜ್ಜೆಯನ್ನು ಸ್ವಲ್ಪ ಉದ್ದ ಮಾಡುತ್ತಾ 91 ಡಿಗ್ರಿ ತಿರುಗಿಸಿ ನೋಡಿ. ಏನು ಬರುತ್ತದೆ ಎಂದು ನಾನು ಹೇಳುವುದಿಲ್ಲ, ಮನೆಗೆ ಹೋಗಿ ನೀವೇ ಕಾಣಬೇಕು.

ಇನ್ನೂ ಸ್ವಲ್ಪ ಗಟ್ಟಿಯಾದದ್ದು ಬೇಕೆಂದರೆ ಗಣಿತಜ್ಞ ಜಾನ್ ಕಾನ್ವೇ ಅವರ ‘ಗೇಮ್ ಆಫ್ ಲೈಫ್’. 1970ರಲ್ಲಿ ಜನರ ಮುಂದೆ ಬಂತು. ಚೌಕಗಳ ಹಾಸು, ಪ್ರತಿ ಚೌಕಕ್ಕೂ ಎಂಟು ನೆರೆಯವರು. ಬದುಕಿರುವ ಚೌಕಕ್ಕೆ ಎರಡು ಅಥವಾ ಮೂರು ಜೀವಂತ ನೆರೆಯಿದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ಸತ್ತ ಚೌಕಕ್ಕೆ ಸರಿಯಾಗಿ ಮೂರಿದ್ದರೆ ಹುಟ್ಟುತ್ತದೆ. ಸಾಲಾಗಿ ಮೂರು ಚೌಕ ಇಟ್ಟರೆ ಅದು ಅಡ್ಡ, ಉದ್ದ, ಅಡ್ಡ ಎಂದು ಮಿಡಿಯಬೇಕು. ಮೊದಲ ಸಲ ಬರೆಯುವ ಬಹಳ ಜನರಿಗೆ ಹಾಗಾಗುವುದಿಲ್ಲ, ಬೇರೇನೋ ಆಕಾರ ಬರುತ್ತದೆ. ಎಣಿಸುತ್ತಿರುವ ಹಾಸಿನ ಮೇಲೆಯೇ ಹೊಸ ತಲೆಮಾರನ್ನು ಬರೆದಿರುತ್ತಾರೆ, ಹಳೆಯದೂ ಹೊಸದೂ ಕಲಸಿಹೋಗುತ್ತದೆ. ಎರಡು ಹಾಸು ಇಟ್ಟುಕೊಂಡರೆ ಸರಿಹೋಗುತ್ತದೆ. ಆಮೇಲೆ ಐದೇ ಚೌಕಗಳ ಗ್ಲೈಡರ್ ಹಾಕಿ. ನಾಲ್ಕು ತಲೆಮಾರಿಗೊಮ್ಮೆ ಒಂದು ಚೌಕ ಓರೆಯಾಗಿ ನಡೆದುಕೊಂಡು ಹೋಗುತ್ತದೆ. ‘ನಡೆ’ ಎಂಬ ಮಾತನ್ನು ನಾವು ಎಲ್ಲೂ ಬರೆದಿರುವುದಿಲ್ಲ.

ಏನನ್ನು ಬರೆಯಬಾರದು ಎಂಬುದರ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿದೆ. ದಣಿದ ಮನಸ್ಸು ಟು-ಡೂ ಆ್ಯಪ್‌ಗೆ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿ ಇಡುವ ಆ್ಯಪ್‌ಗೆ, ಕೈ ಹಾಕಬಾರದು. ಅದು ಹೊಸಬರ ಪ್ರಾಜೆಕ್ಟಿನ ವೇಷದಲ್ಲಿ ಬರುತ್ತದೆ, ಆದರೆ ಅದಕ್ಕೆ ಕೊನೆಯಿಲ್ಲ. ಲಾಗಿನ್ ಬೇಕು ಅನಿಸುತ್ತದೆ, ಆಮೇಲೆ ಡೇಟಾಬೇಸ್, ಆಮೇಲೆ ಸರ್ವರ್. ಮೂರನೇ ದಿನ ನೀವು ಆಫೀಸಿನ ಕೆಲಸವನ್ನೇ ಮನೆಯಲ್ಲಿ ಮಾಡುತ್ತಿರುತ್ತೀರಿ. ಒಂದೇ ಕೂರುವಿಕೆಯಲ್ಲಿ ‘ಮುಗಿಯಿತು’ ಅನ್ನಲು ಬರುವಂಥದ್ದನ್ನು ಆರಿಸಿಕೊಳ್ಳಿ. ಒಂದೇ ಫೈಲು. ಹೊರಗಿನ ಲೈಬ್ರರಿ ಬೇಡ. ಬರೆದದ್ದನ್ನು ಎಲ್ಲೂ ಏರಿಸಬೇಡಿ, ಯಾರಿಗೂ ತೋರಿಸಬೇಡಿ, ಕನಿಷ್ಠ ಮೊದಲ ತಿಂಗಳು.

ದೊಡ್ಡ ಕೆಲಸಗಳೂ ಹವ್ಯಾಸವಾಗಿಯೇ ಶುರುವಾದವು ಎಂದು ಕೆಲವರು ಹುರಿದುಂಬಿಸುತ್ತಾರೆ. ನಿಜವೇ. ಗೀಡೊ ವಾನ್ ರೋಸಮ್ ಪೈಥಾನನ್ನು ಶುರು ಮಾಡಿದ್ದು 1989ರ ಡಿಸೆಂಬರಿನ ರಜೆಯಲ್ಲಿ ಕೈಗೊಂದು ಕೆಲಸವಿರಲಿ ಎಂದು. ಲೀನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬಗ್ಗೆ ಮೊದಲು ತಿಳಿಸಿದಾಗ ಇದು ಬರೀ ಹವ್ಯಾಸ, ದೊಡ್ಡದೇನೂ ಆಗುವುದಿಲ್ಲ ಎಂದೇ ಬರೆದಿದ್ದರು. ಆದರೆ ಈ ಕಥೆಗಳನ್ನು ದಣಿದವರಿಗೆ ಹೇಳಬಾರದು ಎಂದು ನನ್ನ ಭಾವನೆ. ಹೇಳಿದ ಕೂಡಲೇ ನಿಮ್ಮ ಹದಿನೈದು ಸಾಲು ಲಿನಕ್ಸಿನ ಪಕ್ಕದಲ್ಲಿ ನಿಲ್ಲಬೇಕಾಗುತ್ತದೆ, ಮತ್ತೆ ಕೈ ಕಟ್ಟುತ್ತದೆ. ಅವರಿಬ್ಬರಿಗೂ ಆ ಹೊತ್ತಿನಲ್ಲಿ ಅದು ಹವ್ಯಾಸವಾಗಿಯೇ ಸಾಕಾಗಿತ್ತು ಎಂಬುದಷ್ಟನ್ನು ಇಟ್ಟುಕೊಳ್ಳೋಣ.

ಇನ್ನೊಂದನ್ನು ಬಿಡಬಾರದು. ನಿದ್ದೆಯಿಲ್ಲದೆ, ಕೆಲಸದ ಹೊರೆಯಿಂದ ಅಥವಾ ಯಾವುದರಲ್ಲೂ ಮನಸ್ಸಿಲ್ಲದಷ್ಟು ಕುಗ್ಗಿಹೋಗಿ ಈ ಬೇಸರ ಬಂದಿದ್ದರೆ ಇಪ್ಪತ್ತು ಸಾಲು ಕೋಡ್ ಅದಕ್ಕೆ ಮದ್ದಲ್ಲ. ವಿಶ್ರಾಂತಿ ಬೇಕು, ವೈದ್ಯರ ಬಳಿ ಹೋಗಬೇಕು. ನಾನು ಮಾತಾಡುತ್ತಿರುವುದು ಉಳಿದ ಬದುಕು ಸರಿಯಿದ್ದು ಇದೊಂದು ಮಾತ್ರ ಆರಿಹೋದವರ ಬಗ್ಗೆ.

ಕೆಲಸದಲ್ಲಿ ಏನಾಯಿತು ಎಂದು ಕೇಳುತ್ತೀರಿ. ಮನೆಯಲ್ಲಿ ಒಂದು ಸೆಕೆಂಡಿನ ರುಚಿ ಹತ್ತಿದ ಮೇಲೆ ಆ 40 ನಿಮಿಷ ಸಹಿಸಲು ಆಗಲಿಲ್ಲ. ನಾನು ದಿನಾ ಮುಟ್ಟುವ ಭಾಗವನ್ನು ಮಾತ್ರ ಬೇರ್ಪಡಿಸಿ, ಅದಕ್ಕೆ ಹುಸಿ ಡೇಟಾ ಕೊಟ್ಟು ಓಡಿಸುವ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಅದು 6 ಸೆಕೆಂಡಿನಲ್ಲಿ ಓಡುತ್ತದೆ. ಇದನ್ನು ಮೂರು ವರ್ಷ ಮೊದಲೇ ಬರೆಯಬಹುದಿತ್ತು. ಬರೆಯುವ ಮನಸ್ಸಿರಲಿಲ್ಲ.

ಒಬ್ಬ ವಿದ್ಯಾರ್ಥಿನಿ ಕೇಳಿದರು: ‘ಇದನ್ನೆಲ್ಲ ಎಐ ಅರೆಕ್ಷಣದಲ್ಲಿ ಬರೆದುಕೊಡುತ್ತದಲ್ಲ, ನಾವೇಕೆ ಬರೆಯಬೇಕು?’

ಬರೆದುಕೊಡುತ್ತದೆ, ನಿಜ. ಕೆಲಸದಲ್ಲಿ ನಾನೂ ಬಳಸುತ್ತೇನೆ. ಆದರೆ ಇಲ್ಲಿ ನಮಗೆ ಬೇಕಾಗಿರುವುದು ಪ್ರೋಗ್ರಾಂ ಅಲ್ಲವಲ್ಲ! ಸಂಖ್ಯೆ ಊಹಿಸುವ ಆಟ ಯಾರಿಗೆ ಬೇಕು? ಆ 99, 99, 99 ನನ್ನ ಕಣ್ಣಿಗೆ ಬೀಳಬೇಕು, ಕಾಗದ ನಾನೇ ತೆಗೆದುಕೊಳ್ಳಬೇಕು. ಈ ಒಂದು ಗಂಟೆ ಎಐಯನ್ನು ಬದಿಗಿಡಿ. ಬರೆದು ಮುಗಿದ ಮೇಲೆ ಬೇಕಾದರೆ ‘ನೀನು ಹೇಗೆ ಬರೆಯುತ್ತಿದ್ದೆ’ ಎಂದು ಕೇಳಿ. ಆಗ ಅದರ ಉತ್ತರ ಓದಲು ನಿಮಗೊಂದು ಕಣ್ಣು ಬಂದಿರುತ್ತದೆ.

ಇನ್ನೊಬ್ಬರು ಕೇಳಿದರು, ಇವುಗಳನ್ನು ರೆಸ್ಯೂಮೆಯಲ್ಲಿ ಹಾಕಬಹುದೇ ಎಂದು. ಬೇಡ ಅಂದೆ. ರೆಸ್ಯೂಮೆಗೆ ಎಂದು ಬರೆಯತೊಡಗಿದರೆ ಇದೂ ಇನ್ನೊಂದು ಕೆಲಸವಾಗುತ್ತದೆ.

ಕೊನೆಗೆ ಹಿಂದಿನ ಸಾಲಿನ ಒಬ್ಬ ಹುಡುಗ, ‘ನಿಮ್ಮ ಅಕ್ಷರ ಬಿಡಿಸುವ ಪ್ರೋಗ್ರಾಮಿಗೆ ರ‍್ಯಾಂಕ್ ಎಂದು ಕೊಡಿ’ ಅಂದ. ಅಲ್ಲೇ ಎಲ್ಲರೆದುರು ಕೊಟ್ಟೆ. ಎರಡು ಬರಬೇಕಿತ್ತು, ಮೂರು ಬಂತು. ‘ರ’ ಒಂದು ಕಡೆ, ಅದರ ‘ಯ’ ಒತ್ತು ಇನ್ನೊಂದು ಕಡೆ. ಸಂಖ್ಯೆಗಳನ್ನು ಬರೆಸಿದೆ. 3248, 8205, 3277, 3247, 3262, 3202, 3221, 3277. ಎರಡನೆಯದನ್ನು ನೋಡಿ, 8205 ಕನ್ನಡದ 128ರೊಳಗೆ ಇಲ್ಲವೇ ಇಲ್ಲ. ‘ರ’ ಅರ್ಕಾವತ್ತಾಗದೆ ಪೂರ್ತಿಯಾಗಿ ಉಳಿಯಲೆಂದು ನಡುವೆ ಇಡುವ, ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ ಅದು. ನನ್ನ ನಿಯಮಗಳಲ್ಲಿ ಅದಕ್ಕೆ ಜಾಗವಿರಲಿಲ್ಲ. ಹೊಸ ಗುಂಪು ಎಂದುಕೊಂಡು ಪ್ರೋಗ್ರಾಂ ಅಲ್ಲೇ ಕತ್ತರಿಸಿತ್ತು.

ಸಭಾಂಗಣ ಬಿಟ್ಟುಕೊಡುವ ಹೊತ್ತಾಗಿತ್ತು. ಆ ಹುಡುಗನೂ ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯೂ ವೇದಿಕೆಯ ಹತ್ತಿರ ಬಂದರು. ಮೂರನೇ ನಿಯಮವನ್ನು ಎಲ್ಲಿ ಹಾಕಬೇಕು ಎಂದು ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆವು.